ಏಳನೆಯ ಬೆಂಡು

ಒಮಾನಿನಿಂದ ಬಂದ ದೇಜು ಮಾವ
ಮಂಜೇಶ್ವರದ ಅಳಿವೆಬಾಗಿಲಲ್ಲಿ ಕೂತು
ಮೊದಲು ಹೆಬ್ಬೆರಳು ತೋರಿಸುತ್ತಾನೆ.
ಅಂಜಲಿನ ಕೊಕ್ಕೆ. ಎಲುಬಿನ ತನಕ.

ಹನ್ನೊಂದು ದಿನ ಎಳೆದದ್ದು ಬರೀ ಬಲೆಯಂತೆ.
ಕುಡಿಯುವ ನೀರಿಗೂ ಡೀಸೆಲ್ ವಾಸನೆ,
ಅಳುತ್ತಲೇ ಅನ್ನ ಬೇಯಿಸುವ ಬಂಗಾಳಿ ಹುಡುಗ,
ಅರಬಿಯಲ್ಲಿ ಗಾಳಿಗೆ ಬೈಯುವ ತಾಂಡೇಲ.
ಹನ್ನೆರಡನೆಯ ರಾತ್ರಿ
ನೀರು ಒಮ್ಮೆಲೇ ಬೆಳ್ಳಗಾಯಿತಂತೆ.
"ಐಸು ಸಾಲಲಿಲ್ಲ ಮಾರಾಯ,
ಚಾಪೆ ಹಾಸುವಲ್ಲೆಲ್ಲ ಮೀನು.
ಮೀನಿನ ಮೇಲೆಯೇ ಮಲಗಿದೆವು!"

ಬೆಳಗ್ಗೆ ಇಂಜಿನ್ ಕೆಟ್ಟಿತು.
ಮೂರು ದಿನ ಬಿಸಿಲು.
ದಡ ಸೇರುವಾಗ ಅರ್ಧ ಗೊಬ್ಬರಕ್ಕೆ,
ಉಳಿದದ್ದು ಅರಬಾಬಿನ ಲೆಕ್ಕಕ್ಕೆ.

"ನಿಮಗೇನು ಸಿಕ್ಕಿತು?"
ಬಂಗುಡೆ ಕೊಯ್ಯುತ್ತ ಅತ್ತೆ ಕೇಳುತ್ತಾಳೆ,
ತಲೆ ಎತ್ತದೆ.

ಆಗ ಚೀಲದಿಂದ ಹೊರಗೆ ಬರುತ್ತದೆ
ಅಲ್ಲಿನ ಬಲೆಗೆ ಸಿಕ್ಕಿದ ತೇಲುಬೆಂಡು,
ಚಿಪ್ಪು ಹತ್ತಿದ್ದು,
ಮೈಮೇಲೆ ಕೆಂಪಾಗಿ ಒಂದು ೭.
"ನೋಡು, ನಮ್ಮ ಏಳು. ಕನ್ನಡದ್ದು.
ಯಾವ ಮಳೆಗಾಲ ಕಿತ್ತುಕೊಂಡು ಹೋದದ್ದೋ,
ಅಷ್ಟು ದೂರ ಬಂದು ನನ್ನ ಕೈಗೇ!"

ಹೊಸ ಪೈಂಟಿನ ವಾಸನೆ
ನನ್ನ ಮೂಗಿಗೆ ಬಡಿಯುತ್ತದೆ.
ಬಾಯಿ ಬಿಡುವುದಿಲ್ಲ.

ಅತ್ತೆ ಮೂಸಿ ನೋಡುತ್ತಾಳೆ.
ಕೈ ತೊಳೆದು, ಒಣಗಲು ಹಾಕಿದ ಬಲೆಯಲ್ಲಿ
ಆರರ ಪಕ್ಕ ಹುಡುಕಿ
ಕಟ್ಟುತ್ತಾಳೆ, ಎರಡು ಗಂಟು.