ಮೂರನೇ ಕಂತು

ಫೆಬ್ರವರಿ ಇಪ್ಪತ್ತೆಂಟು. ಮೂರನೇ ಕಂತು ಬಂದಿಲ್ಲ.
ಗೂಡ್ಸ್‌ಶೆಡ್ ರಸ್ತೆಯ ಈ ರಾತ್ರಿ ನಿಲಯದಲ್ಲಿ
ಇಪ್ಪತ್ತೆರಡು ಮಂಚ, ಮೂವತ್ತೊಂದು ಜನ,
ಸಾಲದಲ್ಲಿ ಉರಿಯುವ ಒಂದು ಬಲ್ಬು.
ಹಾಲಿನವನು ಲೆಕ್ಕ ಬರೆಯುವುದನ್ನು ಬಿಟ್ಟಿದ್ದಾನೆ,
ನೆನಪಿಟ್ಟುಕೊಳ್ಳುತ್ತಾನೆ.
ಅದು ಇನ್ನೂ ಕಷ್ಟ.

ರಿಜಿಸ್ಟರಿನಲ್ಲಿ ಒಂಬತ್ತು ಕಲಂ.
ಹೆಸರು. ವಯಸ್ಸು, ಅಂದಾಜು. ಗುರುತಿನ ಚೀಟಿ, ಇಲ್ಲ.
ಕಾಯಂ ವಿಳಾಸ ಎಂಬಲ್ಲಿಗೆ ಬಂದಾಗ
ಎಲ್ಲರಿಗೂ ಕೆಮ್ಮು.
ಮುನಿಯೆಲ್ಲಮ್ಮ ಮಾತ್ರ ಥಟ್ಟನೆ ಹೇಳಿದ್ದಳು:
"ಬರ್ಕೋ. ಮಾಗಡಿ ರೋಡು, ಆರನೇ ಕ್ರಾಸು,
ನೀರಿನ ಟ್ಯಾಂಕ್ ಪಕ್ಕ, ಹಸಿರು ಬಾಗಿಲು.
ಮೂರು ತಿಂಗಳ ಬಾಡಿಗೆ ನಿಂತಿತ್ತು, ಹದಿಮೂರೂವರೆ ಸಾವಿರ.
ಬಾಗಿಲು ಈಗಲೂ ಅಲ್ಲೇ ಐತೆ. ನಾನಿಲ್ಲ, ಅಷ್ಟೆ."

ಕಚೇರಿಗೆ ಕಳಿಸುವ ಹಾಳೆಯ ಬೆನ್ನಿಗೆ
ಪೆನ್ಸಿಲ್ಲಿನಲ್ಲಿ ಗುಣಿಸಿದೆ:
ತಲೆಗೆ ದಿನಕ್ಕೆ ಇಷ್ಟು, ಊಟ, ಫಿನಾಯಿಲು,
ನನ್ನ ಸಂಬಳದ ಒಂದು ಚೂರು,
ಅವಳು ಬಂದು ಎರಡು ವರ್ಷ ನಾಲ್ಕು ತಿಂಗಳು.
ಅಷ್ಟರಲ್ಲಿ ಆ ಬಾಕಿಯನ್ನು ಏಳು ಸಲ ತೀರಿಸಬಹುದಿತ್ತು.
ಉಜ್ಜಿ ಅಳಿಸಿದೆ.
ಬೀಳುವ ಮೊದಲೇ ಕೈ ಹಿಡಿಯುವುದಕ್ಕೆ
ಲೆಕ್ಕಶೀರ್ಷಿಕೆ ಇಲ್ಲವಂತೆ.
ಬಿದ್ದವರನ್ನು ಎಣಿಸುವುದಕ್ಕೆ ಇದೆ.

ಗುಮಾಸ್ತ ನರಸೋಜಿ ಕೆಟ್ಟವನಲ್ಲ.
"ಫೈಲು ಮೇಲೆ ಹೋಗಿದೆ ಮೇಡಂ" ಅಂದ.
ಮೇಲೆ ಅಂದರೆ ಎಷ್ಟನೇ ಮಹಡಿ, ಕೇಳಿದೆ.
ಅವನೂ ಕತ್ತೆತ್ತಿ ನೋಡಿದ. ಫ್ಯಾನು ತಿರುಗುತ್ತಿತ್ತು.
ಹೋದ ಸಲ ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಬಂತು,
ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ವಾಪಸ್ಸು
ಎಂಬ ಚೀಟಿಯ ಜೊತೆ.
ಚಿಕ್ಕಪೇಟೆಗೆ ಓಡಿ ಅರವತ್ತು ರಗ್ಗು ತಂದೆ,
ರಶೀದಿ ಬೆವರಿಗೆ ಅಂಗೈಗೆ ಅಂಟಿತು.
ಬಳಕೆ ಪ್ರಮಾಣಪತ್ರ: ಅನುದಾನ ಸಂಪೂರ್ಣ ಬಳಕೆಯಾಗಿದೆ.
ಡಿಸೆಂಬರಿನ ಚಳಿ ಯಾವ ಆದೇಶಕ್ಕೂ ಕಾಯದೆ
ಬಂದು, ಹೋಗಿಯೂ ಆಗಿತ್ತು.

ಇದೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ.
ಪ್ರಾಯೋಗಿಕ ಎಂದು ಲಗ್ಗೆರೆಯಲ್ಲಿ ಆರು ಕೋಣೆ ಕೊಟ್ಟರು.
ವಾರಕ್ಕೊಮ್ಮೆ ನರ್ಸು, ಮಾತ್ರೆ, ಒಂದಿಷ್ಟು ಮಾತು.
ದಾವಲಸಾಬನಿಗೆ ನಾಲ್ಕನೆಯದು.
ಹದಿನೇಳು ವರ್ಷ ಅಂಗಡಿ ಜಗುಲಿಗಳಲ್ಲಿ ಮಲಗಿದವನು
ಮೊದಲ ತಿಂಗಳು ಬಾಗಿಲಾಚೆಯೇ ಮಲಗಿದ,
ಚಪ್ಪಲಿಗಳನ್ನು ಒಳಗೆ ಬಿಟ್ಟು.
ಎರಡನೆಯ ತಿಂಗಳು ಹೊಸ್ತಿಲ ಮೇಲೆ ತಲೆ.
ರಂಜಾನ್ ಹೊತ್ತಿಗೆ ಒಳಗಿನಿಂದ ಚಿಲಕ.
ನರ್ಸು ಹೋಗಿ ತಟ್ಟಿದಾಗ "ಯಾರು?" ಅಂದನಂತೆ.
ಅವಳು ಫೋನು ಮಾಡಿ ಅಷ್ಟನ್ನೇ ಹೇಳಿ ಅತ್ತಳು:
"ಯಾರು ಅಂತ ಕೇಳ್ದ ಅಕ್ಕಾ."

ಆ ಯೋಜನೆಗೆ ಈ ಮಾರ್ಚಿಗೆ ಕೊನೆ.
ಮುಂದುವರಿಕೆ, ಪರಿಶೀಲನೆಯಲ್ಲಿದೆ.

ಮೊನ್ನೆ ಬಂದಿದ್ದ, ಇಸ್ತ್ರಿ ಅಂಗಿ ತೊಟ್ಟು.
ಕತ್ತಿನ ದಾರದಿಂದ ಬೀಗದಕೈ ಬಿಚ್ಚಿ
ನನ್ನ ಮೇಜಿನ ಮೇಲಿಟ್ಟ.
"ಇದನ್ನೂ ವಾಪಸ್ ಕೊಡಬೇಕಾ?"
ಗೊತ್ತಿಲ್ಲ ಅಂದೆ.
ಸುಮಾರು ಹೊತ್ತು ಅದನ್ನೇ ನೋಡಿ, ಎತ್ತಿಕೊಂಡು,
ನಕಲು ಮಾಡಿಕೊಡುವವರು ಎಲ್ಲಿ ಸಿಗ್ತಾರೆ ಅಂದ.
ಅವೆನ್ಯೂ ರಸ್ತೆ, ಕೊಡೆ ರಿಪೇರಿಯವನ ಪಕ್ಕ ಅಂದೆ.
ಐವತ್ತು ರೂಪಾಯಿ ಕೊಟ್ಟೆ.

ರಿಜಿಸ್ಟರಿನಲ್ಲಿ ಬರೆದೆ: ಫಿನಾಯಿಲು.