ಅರವತ್ತಮೂರು ಕೋಲು

ಬದಿಯಡ್ಕದ ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಫ್ಯಾನು ಆರಿಸಿ ಕೂತಿದ್ದೇನೆ, ಸದ್ದು ಕೇಳಬೇಕು.
ತೆರೆಯ ಮೇಲೆ ಅಂಬು ಮಣಿಯಾಣಿ
ಗುಡ್ಡದ ಹೊಟ್ಟೆಯೊಳಗೆ ಬೆನ್ನು ಬಾಗಿಸಿ
ಪಿಕ್ಕಾಸು ಎತ್ತುತ್ತಾನೆ. ಇಳಿಸುವ ಮೊದಲೇ
ನಿಲ್ಲಿಸುತ್ತೇನೆ.

ಇದು ಹನ್ನೊಂದನೆಯದು.
ಹಿಂದಿನ ಹತ್ತೂ ಏಳೇಳು ನಿಮಿಷ.
ಉಪ್ಪಳದಲ್ಲಿ ಒಂದೇ ಕೈಯಲ್ಲಿ ಬಲೆ ಹೆಣೆಯುವ ಬೀಫಾತಿಮ,
ನಲುವತ್ತೆಂಟಕ್ಕೆ ಹತ್ತನೇ ತರಗತಿ ಪಾಸಾದ ವರ್ಕಾಡಿಯ ಕಮಲಾಕ್ಷಿ,
ಕುಡಿತ ಬಿಟ್ಟು ಕುಂಬಳೆ ಸ್ಟೇಷನ್ನಿನೆದುರು
ಕೊಡೆ ರಿಪೇರಿಗೆ ಕೂತ ಸಂಜೀವ,
ಎಲ್ಲರೂ ಆರನೇ ನಿಮಿಷಕ್ಕೆ ನಗುತ್ತಾರೆ.
ಕೊನೆಗೆ ಕೊಳಲು.
ಕೊಳಲಿನವನಿಗೆ ಇನ್ನೂ ಮುನ್ನೂರು ರೂಪಾಯಿ ಬಾಕಿ.

ಅಣ್ಣ ಕೋರನ್ ಸುರಂಗದೊಳಗೇ ಉಳಿದ ವರ್ಷ
ಅಂಬುವಿಗೆ ಹತ್ತೊಂಬತ್ತು.
ಮಣ್ಣು ಕುಸಿದದ್ದು ಹನ್ನೆರಡನೇ ಕೋಲಿನಲ್ಲಿ.
ಆಮೇಲೆ ಎಂಟು ವರ್ಷ
ಬಾಯಾರಿನ ಗುಡ್ಡದ ಕಡೆ ಮುಖ ಹಾಕಿ ಮಲಗಲಿಲ್ಲ.
ಒಂಬತ್ತನೇ ಬೇಸಗೆ ಒಂದು ಬೆಳಿಗ್ಗೆ
ಯಾವ ಹುತ್ತ ಇನ್ನೂ ಒದ್ದೆಯಿದೆ ಎಂದು ನೋಡಿಕೊಂಡು ಬಂದು
ಸೊಂಟದ ಮಟ್ಟಕ್ಕೆ ಮೊದಲ ಏಟು ಹಾಕಿದ.
ಯಾಕೆ? ಕೇಳಿದೆ, ಕೆಮರಾ ಹತ್ತಿರ ಒಯ್ದು.
"ನೀರು ಬೇಕಿತ್ತಲ್ಲ."
ಬೇರೆ ಏನಾದರೂ ಹೇಳಿ ಎಂದೆ.
ಯೋಚಿಸಿ ಹೇಳಿದ:
"ಬಾವಿಗೆ ಹಣ ಇರಲಿಲ್ಲ."

ಎಲ್‌ಇಡಿ ದೀಪ ಒಳಗೆ ತಂದಿದ್ದೆ.
ಅದನ್ನು ಆರಿಸಿ ಮೇಣದ ಬತ್ತಿ ಹಚ್ಚಿದ.
"ನಿನ್ನ ಬೆಳಕಿಗೆ ಉಸಿರು ಬೇಡ.
ಇದಕ್ಕೆ ಬೇಕು, ನಮ್ಮ ಹಾಗೆ.
ಇದು ಸಣ್ಣದಾಯಿತೋ
ಶಾಟು ಗೀಟು ಬಿಟ್ಟು ಹೊರಗೆ ಓಡುವುದು, ಆಯ್ತಾ ಮಾರಾಯ."
ಹಾಗಾಗಿ ಚಿತ್ರದಲ್ಲಿ ಅರ್ಧ ಕತ್ತಲೆ.
ಕೊಚ್ಚಿಯ ಆಫೀಸಿನವರು ಬರೆದರು:
ಮುಖ ಕಾಣುವುದಿಲ್ಲ, ನೀರು ಸಿಕ್ಕ ಕ್ಷಣ ಎಲ್ಲಿ?

ನೀರು ಸಿಕ್ಕಿ ಇಪ್ಪತ್ತಾರು ವರ್ಷ ಆಗಿದೆ.
ಆದರೂ ಮಾಡಿ ತೋರಿಸಿದ, ಪಾಪ, ಮೂರು ಸಲ:
ಗೋಡೆ ಮುಟ್ಟಿ, ಬೆರಳು ಬಾಯಿಗಿಟ್ಟು,
ನನ್ನ ಕಡೆ ತಿರುಗಿ, "ಸಾಕಾ?"
ಆ ಸಾಕಾ ಕತ್ತರಿಸಿದೆ.
ಗೆದ್ದಾಗ ಹೇಗನಿಸಿತು ಎಂದು ಕೇಳಿದ್ದಕ್ಕೆ
"ಯಾರ ಮೇಲೆ?" ಎಂದಿದ್ದ.
ಅದನ್ನೂ.

ಮೊನ್ನೆ ಶನಿವಾರ ಅವನದೇ ಅಂಗಳದಲ್ಲಿ
ಎರಡು ಕಂಬಕ್ಕೆ ಬಿಳಿ ಪಂಚೆ ಕಟ್ಟಿ ತೋರಿಸಿದೆ.
ನೆರೆಮನೆಯ ಪೊಕ್ಕರ್, ಅವನ ಮೊಮ್ಮಕ್ಕಳು, ಒಂದು ನಾಯಿ.
ಕೊಳಲು ನಿಂತ ಮೇಲೆ ಚಪ್ಪಾಳೆಯೂ ಬಿತ್ತು.
ಚಿರುತೆ ಮಾತ್ರ, ಅಂಬುವಿನ ಹೆಂಡತಿ,
ಚಹಾದ ಲೋಟ ಒಟ್ಟು ಮಾಡುತ್ತ ಕೇಳಿದಳು
(ತುಳುವಿನಲ್ಲೋ ಮಲೆಯಾಳದಲ್ಲೋ,
ನನಗೆ ನೆನಪಿರುವುದು ಕನ್ನಡದಲ್ಲಿ):
"ಅಷ್ಟು ಮಣ್ಣು ಎಲ್ಲಿಗೆ ಹೋಯಿತು ನಿಮ್ಮ ಸಿನೆಮಾದಲ್ಲಿ?"

ನಾನು ಬಾಯಿ ತೆರೆಯುವ ಮೊದಲು
ಕಾಲಿನ ಹೆಬ್ಬೆರಳಿಂದ ನೆಲ ಒತ್ತಿ ತೋರಿಸಿದಳು.

ಅರವತ್ತಮೂರು ಕೋಲಿನ ಮಣ್ಣು.
ತಲೆ ತಗ್ಗಿಸಿ ಹೊತ್ತು, ಇಳಿಜಾರಿಗೆ ಸುರಿದು,
ಒಂದೊಂದು ಮಳೆಗಾಲಕ್ಕೂ ಅಷ್ಟಷ್ಟು ಜಾರಿ ಹೋಗಿ,
ಮತ್ತೆ ಸುರಿದು, ಬಡಿದು, ಸೆಗಣಿ ಸಾರಿಸಿದ ಅಂಗಳ.
ಅದರ ಮೇಲೇ ಚಾಪೆ ಹಾಸಿ ಕೂತಿದ್ದೆವು ಎಲ್ಲರೂ.
ಪ್ರೊಜೆಕ್ಟರಿನ ಸ್ಟೂಲಿನ ಮೂರು ಕಾಲೂ
ಅದರಲ್ಲೇ ಊರಿದ್ದವು.

ಅದಕ್ಕೇ ಈ ರಾತ್ರಿ
ನಾಲ್ಕು ಗಂಟೆಯಷ್ಟು ಕಚ್ಚಾ ಚಿತ್ರ ಮೊದಲಿಂದ.
ಹೂಳು ತೆಗೆದ ದಿನ, ಎರಡನೇ ಕಾರ್ಡು, ನಲುವತ್ತೊಂದನೇ ನಿಮಿಷ.
ಎಡ ಅಂಚಿನಲ್ಲಿ ಒಂದು ಮೊಣಕೈ, ಬುಟ್ಟಿಯ ಬಾಯಿ,
ಕೆಸರಿನಲ್ಲಿ ಬರಿಗಾಲಿನ ಪಚಪಚ.
ಆಮೇಲೆ ಒಬ್ಬ ಗಂಡಸಿನ ದನಿ, ಬಹಳ ವಿನಯದಿಂದ:
"ಅಕ್ಕಾ, ಚೂರು ಆಚೆ ನಿಲ್ಲಿ. ಫ್ರೇಮಿಗೆ ಬರ್ತೀರಿ."

ಕಾಲಿನ ಸದ್ದು ನಿಲ್ಲುತ್ತದೆ.
ಅಂಬು ಪಿಕ್ಕಾಸು ಎತ್ತುತ್ತಾನೆ.