ನೆರಳು ಬೀಳಬಾರದು

ನಾಲ್ಕೂವರೆಗೆ ಟ್ಯಾಂಕರು ಬರುತ್ತೆ.
ನಾವು ಆರು ಜನ, ಆರು ಉದ್ದ ಕೋಲು, ತುದಿಗೆ ಸ್ಪಂಜು.
ಸೂರ್ಯ ಏಳೋಕೆ ಮುಂಚೆ
ಅವನು ಮುಖ ನೋಡ್ಕೊಳ್ಳೋ ಗಾಜೆಲ್ಲ ತೊಳೆದಿಟ್ಟಿರಬೇಕು.
ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತೆ,
ಇದು ಸೂಪರ್‌ವೈಸರ್ ನಾಗಭೂಷಣ ಹೇಳಿಕೊಟ್ಟ ಮೊದಲ ಪಾಠ.

ಎರಡನೇದು, ನೆರಳು ಬೀಳಬಾರದು.
ಅಂಗೈ ಅಗಲ ನೆರಳು ಒಂದು ಮೂಲೆಗೆ ಬಿದ್ದರೆ ಸಾಕಂತೆ,
ಇಡೀ ಸಾಲೇ ಸೊರಗುತ್ತಂತೆ.

ಅದಕ್ಕೇ ಬೇಲಿ ಮಗ್ಗುಲ ಬೇವು ಹೋಯ್ತು.
ನಮ್ಮವ್ವ ತಿಪ್ಪಕ್ಕ ಕಡಲೆಕಾಯಿ ಕೀಳೋವಾಗ
ಅದರ ಕೊಂಬೆಗೇ ನನಗೆ ಜೋಲಿ ಕಟ್ಟಿದ್ದಳು.
ಬಿಸಿಲು ಸರಿದ ಹಾಗೆ ಬಿಚ್ಚಿ ಇನ್ನೊಂದು ಕೊಂಬೆಗೆ,
ದಿನಕ್ಕೆ ಮೂರು ಸಲ.
ಅವಳಿಗೆ ಗಡಿಯಾರ ಅಂದ್ರೆ ಅದೇ.
ಪಾವಗಡದ ಈ ಬಯಲಲ್ಲಿ
ನೆರಳಿಗೂ ಸರತಿ ಇತ್ತು,
ಕುರಿ ಎದ್ದ ಮೇಲೆ ನಾಯಿ ಮಲಗೋದು.

ಗಾಜಿನ ಮೇಲೆ ಬೂದಿ ಬಣ್ಣದ ಧೂಳಿದ್ದರೆ ಕ್ರಷರಿನದು.
ಕೆಂಪಗಿದ್ದರೆ ಗೋವಿಂದರೆಡ್ಡಿಯವರ ಹೊಲದ್ದು.
ಕೆಂಪು ಬಂದ ದಿನ ನನ್ನ ಕೈ ಒಂದು ಚೂರು ತಡವರಿಸುತ್ತೆ.
ಇದೇ ಮಣ್ಣು ಉಗುರೊಳಗೆ ಕೂತರೆ ಆವಾಗ ಕೂಲಿ,
ಇದನ್ನೇ ಒರೆಸಿ ಹಾಕಿದರೆ ಈವಾಗ ಕೂಲಿ.

ಅಳೋ ಮಾತಲ್ಲ ಇದು, ಲೆಕ್ಕದ ಮಾತು.
ಸಂಬಳ ಒಂದನೇ ತಾರೀಖು ಬರುತ್ತೆ, ಮಳೆಗಿಂತ ನಿಯತ್ತಾಗಿ.
ಗುತ್ತಿಗೆ ದುಡ್ಡು ಹೊಲ ಇದ್ದೋರಿಗೆ ಬಂತು.
ನಮ್ಮ ಹತ್ರ ಇದ್ದದ್ದು ಬಗ್ಗೋ ಸೊಂಟ,
ಅದನ್ನ ಇಪ್ಪತ್ತೆಂಟು ವರ್ಷಕ್ಕೆ
ಯಾರು ಬರೆಸಿಕೊಳ್ತಾರೆ?

ಇಷ್ಟು ಕರೆಂಟು ಎಲ್ಲಿಗೆ ಹೋಗುತ್ತಪ್ಪ, ಕೇಳಿದ್ದೆ.
ನಾಗಭೂಷಣ ಗೋಪುರಗಳ ಕಡೆ ಗಲ್ಲ ಎತ್ತಿ ತೋರಿಸಿದ,
ಬೆಟ್ಟದಿಂದ ಬೆಟ್ಟಕ್ಕೆ ಕೈಕೈ ಹಿಡಿದು ನಿಂತವು.
"ಕರೆಂಟಿಗೆ ಊರ ಹೆಸರಿರಲ್ಲ ಕಣಕ್ಕ,
ನೀರಲ್ಲಿ ನೀರು ಬೆರೆತಂಗೆ."
ಯಾರದೋ ಬಡಕಲು ಕೂಸು ಮಲಗಿರೋ ಕಾವಿನ ಪೆಟ್ಟಿಗೆ,
ಹಗಲಲ್ಲೂ ಉರಿಯೋ ಯಾವುದೋ ಅಂಗಡಿ ಬೋರ್ಡು,
ನಮ್ಮನೆ ಮಿಕ್ಸಿ. ಚಟ್ನಿ ರುಬ್ಬುವಾಗೆಲ್ಲ
ಒಳಗೆ ಯಾವ ಸಾಲು ಗುರುಗುಟ್ಟುತ್ತಿದೆಯೋ ಅನ್ಸುತ್ತೆ.

ಮೊನ್ನೆ ಮೂರೂವರೆ ಬಿಸಿಲಲ್ಲಿ ಕರೆದರು.
ಹದಿನೇಳನೇ ಸಾಲಿಗೆ ಕಾಗೆ ಹಿಕ್ಕೆ,
ಗಾಜು ಅಲ್ಲೇ ಕಾದು ಸುಟ್ಟುಹೋಗುತ್ತಂತೆ.
ನೀರು ಬೇಡ, ಒಣಬಟ್ಟೆ ಸಾಕು ಅಂದರು.
ಹೋಗಿ ನಿಂತೆ.
ಗಾಜಿನ ಮೇಲೆ ನಾನು ಬಿದ್ದೆ.

ಯಾವತ್ತೂ ಕತ್ತಲಲ್ಲಿ ಬಂದು ಕತ್ತಲಲ್ಲೇ ಮುಗಿಸೋಳು,
ಇಲ್ಲಿ ನನ್ನ ನೆರಳು ನಾನೇ ನೋಡಿರಲಿಲ್ಲ.
ಎರಡು ಹಲಗೆ ತುಂಬ, ಸೆರಗಿನ ಸಮೇತ.
ತಲೆ ಅಲ್ಲಾಡಿಸಿದೆ, ಅದೂ ಅಲ್ಲಾಡಿಸ್ತು.
ನಲವತ್ತಾರು ವರ್ಷ ಇದು ನೆಲದ ಮೇಲೆ ಬಿದ್ದಿದೆ,
ಸಗಣಿ ಮೇಲೆ, ರಾಗಿ ಮೇಲೆ, ಗಂಡನ ಗುಂಡಿ ಮೇಲೆ.
ಯಾರಿಗೂ ಒಂದು ಪೈಸೆ ನಷ್ಟ ಆಗಿರಲಿಲ್ಲ.
ಇವತ್ತು ಎಲ್ಲೋ ಒಂದು ಬೋರ್ಡು
ಕಣ್ಣು ಪಿಳುಕಿಸಿರಬೇಕು ನನ್ನಿಂದ.

"ಏ ಜಯಕ್ಕಾ, ಪಕ್ಕಕ್ಕೆ ನಿಂತು ಒರೆಸು!"
ಜೀಪಿನಿಂದ ಕೂಗಿದ.
ಒಂದು ಉಸಿರು ಹೆಚ್ಚಿಗೆ ನಿಂತು, ಆಮೇಲೆ ಸರಿದೆ.

ನೆರಳೇ ಬೇಡ ಅನ್ನೋ ಗಾಜಿನ ಕೆಳಗೆ
ಎಕರೆಗಟ್ಟಲೆ ನೆರಳು.
ಬೇಲಿ ನುಸುಳಿದ ಒಂದು ಕುರಿ ಅಲ್ಲಿ ಮಲಗಿ
ಮೆಲುಕು ಹಾಕುತ್ತಾ ನನ್ನನ್ನ ನೋಡ್ತಿತ್ತು,
ಕೆಲಸದೋಳನ್ನ ನೋಡೋ ಹಾಗೆ.

ಹಿಕ್ಕೆ ಗಟ್ಟಿಯಾಗಿತ್ತು. ಉಗುರಲ್ಲಿ ಕೆರೆದೆ.
ಒಳಗೊಂದು ಬೇವಿನ ಬೀಜ.
ಎಲ್ಲಿಯ ಮರದ್ದೋ, ಕಾಗೆಗೆ ಗೊತ್ತು.
ಬಟ್ಟೆ ತಾಗಿ ಜಾರ್ತು,
ಗಾಜಿನಂಚು ದಾಟಿ ಕೆಳಗೆ,
ದಿನಾ ನಾವು ತೊಳೆದ ನೀರು ತೊಟ್ಟಿಕ್ಕಿ
ಒಂದು ಗೆರೆ ಹಸಿಯಾಗೇ ಇರುತ್ತಲ್ಲ, ಅಲ್ಲಿಗೆ.

ಒರೆಸೋದಷ್ಟೇ ನನ್ನ ಕೆಲಸ.
ಒರೆಸಿದ್ದು ಎಲ್ಲಿ ಬೀಳುತ್ತೆ ಅಂತ
ಯಾರೂ ಪಾಠ ಹೇಳಿಕೊಟ್ಟಿಲ್ಲ.